ಅಂಗೈಯ ಪರದೆಯೋ, ಗೋಡೆಯ ಪರದೆಯೋ?

ಬೆಟಗೇರಿಯ ನೇಕಾರರೊಬ್ಬರ ಮನೆಯನ್ನು ಕಲ್ಪಿಸಿಕೊಳ್ಳೋಣ. ಪಡಸಾಲೆಯ ಒಂದು ಮಗ್ಗುಲಿಗೆ ಮಗ್ಗ, ಇನ್ನೊಂದು ಮಗ್ಗುಲಿಗೆ ಅಜ್ಜಿಯ ಹಾಸಿಗೆ. ಮನೆಯ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಾಳೆ. ಶಾಲೆಯಲ್ಲಿ ತಿಳಿಯದೆ ಉಳಿದ ಗಣಿತದ ಪಾಠವನ್ನು ಅಂತರಜಾಲದ ವಿಡಿಯೊಗಳಲ್ಲಿ ಮತ್ತೊಮ್ಮೆ ನೋಡಿ ತಿಳಿದುಕೊಳ್ಳುವುದು ಅವಳ ರೂಢಿ. ಅವಳ ತಮ್ಮನಿಗೆ ತಬಲಾ ಕಲಿಯುವ ಹಂಬಲ. ಅಜ್ಜಿಗೆ ಸಂಜೆಯ ಹೊತ್ತು ಪುರಾಣ ಪ್ರವಚನ ಬೇಕು. ಇಷ್ಟು ಮಂದಿಗೆ ಇರುವುದು ತಂದೆಯ ಮೊಬೈಲ್ ಫೋನು ಒಂದೇ. ಅದೂ ಹಗಲೆಲ್ಲ ಅವರ ಕಿಸೆಯಲ್ಲಿ. ವರ್ಷವಿಡೀ ಕೂಡಿಟ್ಟ ಹಣದಲ್ಲಿ ಇನ್ನೊಂದು ಉಪಕರಣವನ್ನು ಕೊಳ್ಳಬಹುದಾಗಿದೆ; ಎರಡನ್ನು ಕೊಳ್ಳಲಾಗದು. ಮಗಳು ಪುಸ್ತಕದಷ್ಟು ಅಗಲದ ಪರದೆ ಬೇಕೆನ್ನುತ್ತಾಳೆ. ತಮ್ಮ ಹೊಸ ಫೋನು ಬೇಕೆನ್ನುತ್ತಾನೆ. ಅಜ್ಜಿ ಗೋಡೆಗೊಂದು ಟಿ.ವಿ. ತನ್ನಿರೆನ್ನುತ್ತಾಳೆ. ಯಾರ ಮಾತನ್ನು ನಡೆಸಬೇಕು?

ಇಂತಹ ಪ್ರಶ್ನೆಗೆ ಅಂಗಡಿಯವನು ಕೊಡುವ ಉತ್ತರ ಬೇರೆ, ಭೌತವಿಜ್ಞಾನ ಕೊಡುವ ಉತ್ತರ ಬೇರೆ. ಅಂಗಡಿಯವನು ಪರದೆಯ ಇಂಚುಗಳನ್ನು ಎಣಿಸುತ್ತಾನೆ. ವಿಜ್ಞಾನವು ಪರದೆಯಿಂದ ಕಣ್ಣಿಗಿರುವ ದೂರವನ್ನೂ, ನೋಡುವವರ ಸಂಖ್ಯೆಯನ್ನೂ, ನೋಡುವ ವಸ್ತುವಿನ ಸ್ವಭಾವವನ್ನೂ ಜೊತೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಲೆಕ್ಕವನ್ನು ಒಂದೊಂದಾಗಿ ಪರಿಶೀಲಿಸೋಣ.

ಕಣ್ಣು ಅಳೆಯುವುದು ಕೋನವನ್ನು

ಗದುಗಿನ ತ್ರಿಕೂಟೇಶ್ವರ ದೇವಾಲಯದ ಆವರಣದಲ್ಲಿರುವ ಸರಸ್ವತೀ ಗುಡಿಯ ಕಂಬಗಳನ್ನು ನೋಡಿದವರಿಗೆ ಒಂದು ಅನುಭವ ಆಗಿರಬಹುದು. ದೂರದಿಂದ ನೋಡಿದಾಗ ಕಂಬದ ಮೇಲೆ ಬರಿಯ ಗೆರೆಗಳು ಕಾಣುತ್ತವೆ. ಹತ್ತಿರ ಹೋದಂತೆ ಆ ಗೆರೆಗಳು ಒಡೆದು ಸಣ್ಣ ಸಣ್ಣ ಕೆತ್ತನೆಗಳಾಗುತ್ತವೆ. ಕಲ್ಲು ಬದಲಾಗಲಿಲ್ಲ, ಬದಲಾದುದು ಆ ಕೆತ್ತನೆಯು ನಮ್ಮ ಕಣ್ಣಿನಲ್ಲಿ ಮಾಡುವ ಕೋನ.

ಆರೋಗ್ಯವಾದ ಕಣ್ಣು ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವಣ ಅಂತರವು ಕಣ್ಣಿನಲ್ಲಿ ಸುಮಾರು ಒಂದು ಕಲೆಯಷ್ಟು, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು, ಕೋನವನ್ನಾದರೂ ಮಾಡಬೇಕು. ೩೦ ಸೆಂಟಿಮೀಟರ್ ದೂರದಲ್ಲಿ ಈ ಕೋನಕ್ಕೆ ಸಮನಾದ ಅಂತರ ೦.೦೯ ಮಿಲಿಮೀಟರ್, ೩ ಮೀಟರ್ ದೂರದಲ್ಲಿ ಅದರ ಹತ್ತು ಪಟ್ಟು, ಎಂದರೆ ೦.೯ ಮಿಲಿಮೀಟರ್. ಇದಕ್ಕಿಂತ ಹತ್ತಿರ ಹತ್ತಿರವಾಗಿರುವ ಬಿಂದುಗಳು ಎಷ್ಟೇ ಇದ್ದರೂ ಕಣ್ಣಿಗೆ ಅವು ಒಂದೇ.

ಈಗ ಎರಡು ಪರದೆಗಳನ್ನು ಹೋಲಿಸಿ ನೋಡೋಣ. ಆರೂವರೆ ಇಂಚಿನ ಫೋನನ್ನು ಅಡ್ಡವಾಗಿ ಹಿಡಿದಾಗ ಅದರಲ್ಲಿ ಮೂಡುವ ಸಾಮಾನ್ಯ ವಿಡಿಯೊ ಚಿತ್ರದ ಅಗಲ ಸುಮಾರು ೧೨ ಸೆಂಟಿಮೀಟರ್. ಅದನ್ನು ೩೦ ಸೆಂಟಿಮೀಟರ್ ದೂರದಲ್ಲಿಟ್ಟು ನೋಡಿದರೆ ಚಿತ್ರವು ಕಣ್ಣಿನಲ್ಲಿ ೨೩ ಡಿಗ್ರಿಯ ಕೋನವನ್ನು ಮಾಡುತ್ತದೆ. ೩೨ ಇಂಚಿನ ಟಿ.ವಿ.ಯ ಅಗಲ ೭೧ ಸೆಂಟಿಮೀಟರ್. ಪಡಸಾಲೆಯ ಆಚೆಯ ಗೋಡೆಗೆ ಅದನ್ನು ತೂಗುಹಾಕಿ ೩ ಮೀಟರ್ ದೂರದಲ್ಲಿ ಕುಳಿತರೆ ಅದು ಮಾಡುವ ಕೋನ ಹದಿಮೂರೂವರೆ ಡಿಗ್ರಿ ಮಾತ್ರ. ಇದು ಸೋಜಿಗವೆನಿಸಬಹುದು, ಆದರೂ ನಿಜ. ಒಬ್ಬನೇ ನೋಡುವಾಗ ಅಂಗೈಯಲ್ಲಿರುವ ಫೋನು ಗೋಡೆಯ ಮೇಲಿನ ಟಿ.ವಿ.ಗಿಂತ ದೊಡ್ಡದು! ಮೂರು ಮೀಟರ್ ದೂರದಿಂದ ಅಷ್ಟೇ ದೊಡ್ಡ ಚಿತ್ರ ಕಾಣಬೇಕಾದರೆ ೫೫ ಇಂಚಿನ ಟಿ.ವಿ. ಬೇಕಾಗುತ್ತದೆ.

ಹಾಗಾದರೆ ಟಿ.ವಿ. ವ್ಯರ್ಥವೆ? ಅಲ್ಲ. ಫೋನಿನ ಈ ದೊಡ್ಡಸ್ತಿಕೆಯೆಲ್ಲ ಒಂದು ಜೊತೆ ಕಣ್ಣಿಗೆ ಮಾತ್ರ ದಕ್ಕುವಂತಹದು. ಪಕ್ಕದಲ್ಲಿ ಕುಳಿತು ಇಣುಕುವ ಎರಡನೆಯವನಿಗೆ ದೂರವೂ ಹೆಚ್ಚು, ಓರೆಯೂ ಹೆಚ್ಚು. ನಾಲ್ಕನೆಯವನಿಗೆ ಏನೂ ಇಲ್ಲ. ಗೋಡೆಯ ಪರದೆಯಾದರೋ ಐದು ಮಂದಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗುತ್ತದೆ.

ಅಕ್ಷರಗಳ ಪರೀಕ್ಷೆ

ಪಾಠದ ವಿಡಿಯೊವನ್ನು ನೋಡುವುದಕ್ಕೂ ಹಾಡಿನ ವಿಡಿಯೊವನ್ನು ನೋಡುವುದಕ್ಕೂ ಒಂದು ಭೇದವುಂಟು. ಪಾಠದಲ್ಲಿ ಹಲಗೆಯ ಮೇಲಿನ ಅಕ್ಷರಗಳನ್ನು ಓದಬೇಕು. ಅಕ್ಷರವು ಕಣ್ಣಿನಲ್ಲಿ ಇಪ್ಪತ್ತು ಕಲೆಗಳಷ್ಟು ಕೋನವನ್ನಾದರೂ ಮಾಡಿದರೆ ಓದು ಆಯಾಸವಿಲ್ಲದೆ ಸಾಗುತ್ತದೆ. ಕನ್ನಡದ ಓದುಗರು ಇದನ್ನು ಇನ್ನಷ್ಟು ಗಮನಿಸಬೇಕು; ನಮ್ಮ ಒತ್ತಕ್ಷರಗಳು ಮೂಲಾಕ್ಷರದ ಅಡಿಯಲ್ಲಿ ಅದರ ಅರ್ಧದಷ್ಟು ಗಾತ್ರದಲ್ಲಿ ನಿಲ್ಲುತ್ತವೆ. ಮೂಲಾಕ್ಷರ ಕಂಡರೂ ಒತ್ತು ಕಾಣದೆ ಹೋದರೆ ಶಬ್ದವೇ ಬೇರೆಯಾದೀತು.

ಅಕ್ಷರದ ಎತ್ತರವು ಚಿತ್ರದ ಎತ್ತರದ ಇಪ್ಪತ್ತೈದನೆಯ ಒಂದು ಭಾಗವೆಂದು ಇಟ್ಟುಕೊಳ್ಳೋಣ. ಫೋನನ್ನು ನೆಟ್ಟಗೆ ಹಿಡಿದರೆ ಚಿತ್ರವು ೩.೮ ಸೆಂಟಿಮೀಟರ್ ಎತ್ತರಕ್ಕೆ ಕುಗ್ಗುತ್ತದೆ. ಅಕ್ಷರ ಒಂದೂವರೆ ಮಿಲಿಮೀಟರ್. ೩೦ ಸೆಂಟಿಮೀಟರ್ ದೂರದಲ್ಲಿ ಕೋನ ೧೭ ಕಲೆ. ಅದೇ ಫೋನನ್ನು ಅಡ್ಡಕ್ಕೆ ತಿರುಗಿಸಿದರೆ ೩೧ ಕಲೆ. ಕಾಸು ಖರ್ಚಿಲ್ಲದೆ ಅಕ್ಷರವು ಸುಮಾರು ಎರಡು ಪಟ್ಟು ಬೆಳೆಯಿತು! ೩೨ ಇಂಚಿನ ಟಿ.ವಿ.ಯಲ್ಲಿ ಅಕ್ಷರ ೧೬ ಮಿಲಿಮೀಟರ್ ಎತ್ತರವಾದರೂ ೩ ಮೀಟರ್ ದೂರದಿಂದ ೧೮ ಕಲೆಯಷ್ಟೇ. ಎರಡು ಮೀಟರಿಗೆ ಸರಿದು ಕುಳಿತರೆ ೨೭ ಕಲೆ. ಹತ್ತು ಇಂಚಿನ ಟ್ಯಾಬ್ಲೆಟ್ಟನ್ನು ಮೇಜಿನ ಮೇಲೆ ನಿಲ್ಲಿಸಿ ೪೫ ಸೆಂಟಿಮೀಟರ್ ದೂರದಿಂದ ನೋಡಿದರೆ ೩೭ ಕಲೆ. ಹದಿನಾಲ್ಕು ಇಂಚಿನ ಲ್ಯಾಪ್‌ಟಾಪಿನಲ್ಲಿ ೬೦ ಸೆಂಟಿಮೀಟರ್ ದೂರದಿಂದ ೪೦ ಕಲೆ. ಮೇಲಾಗಿ, ಮೇಜಿನ ಮೇಲೆ ತಾನಾಗಿ ನಿಲ್ಲುವ ಪರದೆಯು ಎರಡೂ ಕೈಗಳನ್ನು ಬಿಡುಗಡೆ ಮಾಡುತ್ತದೆ. ಗಣಿತವನ್ನು ಕಣ್ಣಿನಿಂದ ಕಲಿಯಲಾಗದು. ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ಕೈಯಿಂದ ಬರೆದೇ ಕಲಿಯಬೇಕು.

ಕಣ್ಣಿನ ವಯಸ್ಸು

ಇಲ್ಲಿಗೆ ಮಗಳ ಮಾತೇ ಸರಿಯೆಂದು ತೋರಿತು. ಆದರೆ ಅಜ್ಜಿಯ ಮಾತಿನಲ್ಲಿಯೂ ಶಾಸ್ತ್ರವಿದೆ. ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ನೋಡಬೇಕಾದರೆ ಕಣ್ಣಿನ ಮಸೂರವು ಉಬ್ಬಬೇಕು; ಅದನ್ನು ಉಬ್ಬಿಸುವ ಕೆಲಸ ಒಂದು ಸಣ್ಣ ಸ್ನಾಯುವಿನದು. ೩೦ ಸೆಂಟಿಮೀಟರ್ ದೂರಕ್ಕೆ ಬೇಕಾದ ಹೊಂದಾಣಿಕೆ ಮೂರು ಡಯಾಪ್ಟರುಗಳಿಗಿಂತ ಹೆಚ್ಚು. ೩ ಮೀಟರ್ ದೂರಕ್ಕೆ ಅದರ ಹತ್ತನೆಯ ಒಂದು ಪಾಲು. ಬಾಲಕರ ಮಸೂರ ಮೃದು; ಹತ್ತು ಡಯಾಪ್ಟರುಗಳಷ್ಟಾದರೂ ಅದು ಬಾಗಬಲ್ಲದು. ವಯಸ್ಸಾದಂತೆ ಅದು ಗಡುಸಾಗುತ್ತ ಹೋಗಿ, ಅರವತ್ತು ದಾಟಿದವರಲ್ಲಿ ಈ ಶಕ್ತಿ ಒಂದು ಡಯಾಪ್ಟರಿನ ಆಸುಪಾಸಿಗೆ ಇಳಿದಿರುತ್ತದೆ. ಆದುದರಿಂದ ಮೊಮ್ಮಗ ಮೂಗಿನ ಬಳಿ ಹಿಡಿದ ಫೋನು ಅಜ್ಜಿಗೆ ಚಾಳೀಸಿಲ್ಲದೆ ಬರಿಯ ಮಬ್ಬು, ಗೋಡೆಯ ಟಿ.ವಿ.ಯಾದರೆ ನಿಚ್ಚಳ. ಅವಳು ಹಟಮಾರಿಯಲ್ಲ, ಅವಳ ಕಣ್ಣು ಹಾಗೆ ಕೇಳುತ್ತಿದೆ.

ಎಳೆಯ ಕಣ್ಣು ಬಾಗಬಲ್ಲದೆಂದ ಮಾತ್ರಕ್ಕೆ ಗಂಟೆಗಟ್ಟಲೆ ಬಾಗಿಸಿ ಇಡಬಹುದೆಂದಲ್ಲ. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಸ್ನಾಯು ದಣಿಯುತ್ತದೆ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ಕಾಲ ನೋಡಬೇಕೆಂದು ನೇತ್ರವೈದ್ಯರು ಹೇಳುವುದು ಇದಕ್ಕಾಗಿಯೇ. ತೀರ ಎಳೆಯ ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಇನ್ನೂ ಕಟ್ಟುನಿಟ್ಟಾದ ಸಲಹೆಯನ್ನು ಕೊಟ್ಟಿದೆ: ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಹಟ ಮಾಡುವ ಕೂಸಿನ ಕೈಗೆ ಫೋನು ಕೊಟ್ಟು ಉಣ್ಣಿಸುವ ತಾಯಂದಿರು ಇದನ್ನು ನೆನಪಿನಲ್ಲಿಡಬೇಕು.

ಚಿತ್ರದ ಗಂಟು ಕಟ್ಟುವ ಬಗೆ

ಈಗ ಹಣದ ಮಾತು. ಉಪಕರಣಕ್ಕೆ ಒಮ್ಮೆ ಹಣ ತೆತ್ತರೆ ಮುಗಿಯಿತು; ಡೇಟಾಕ್ಕೆ ತಿಂಗಳು ತಿಂಗಳೂ ತೆರಬೇಕು. ವಿಡಿಯೊ ಎಂಬುದು ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ೭೨೦ ಸಾಲುಗಳ ಒಂದು ಚಿತ್ರದಲ್ಲಿ ೧೨೮೦ನ್ನು ೭೨೦ರಿಂದ ಗುಣಿಸಿದಷ್ಟು, ಎಂದರೆ ೯,೨೧,೬೦೦ ಬಿಂದುಗಳಿರುತ್ತವೆ. ಪ್ರತಿ ಬಿಂದುವಿನ ಬಣ್ಣವನ್ನು ತಿಳಿಸಲು ೨೪ ಬಿಟ್‌ಗಳು ಬೇಕು. ಸೆಕೆಂಡಿಗೆ ಇಂತಹ ೨೫ ಚಿತ್ರಗಳು. ಗುಣಿಸಿ ನೋಡಿದರೆ ಸೆಕೆಂಡಿಗೆ ೫೫ ಕೋಟಿ ಬಿಟ್‌ಗಳಾಗುತ್ತವೆ. ಇಷ್ಟನ್ನು ಸಾಮಾನ್ಯ ಮೊಬೈಲ್ ಸಂಪರ್ಕವು ಹೊರಲಾರದು. ವಾಸ್ತವವಾಗಿ ನಮಗೆ ಬಂದು ಮುಟ್ಟುವುದು ಸುಮಾರು ೨೫ ಲಕ್ಷ ಬಿಟ್‌ಗಳು ಮಾತ್ರ. ಇನ್ನೂರಿಪ್ಪತ್ತು ಪಾಲಿನ ಗಂಟನ್ನು ಒಂದು ಪಾಲಿಗೆ ಇಳಿಸುವ ಈ ಚಮತ್ಕಾರ ನಡೆಯುವುದು ಹೇಗೆ?

ಮೊದಲನೆಯದಾಗಿ, ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ವ್ಯತ್ಯಾಸ ಅತ್ಯಲ್ಪ. ಪಾಠ ಹೇಳುವ ಶಿಕ್ಷಕರ ಕೈಯಷ್ಟೇ ಚಲಿಸುತ್ತದೆ. ಹಿಂದಿನ ಹಲಗೆ ಹಾಗೆಯೇ ಇರುತ್ತದೆ. ಆದುದರಿಂದ ಬದಲಾದ ಭಾಗವನ್ನಷ್ಟೇ ಕಳುಹಿಸಿದರೆ ಸಾಕು. ನೇಕಾರರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಸೀರೆಯ ಒಡಲು ಉದ್ದಕ್ಕೂ ಒಂದೇ ಬಗೆಯದಾಗಿರುವಾಗ ಪ್ರತಿ ಎಳೆಗೂ ಹೊಸದಾಗಿ ಸೂಚನೆ ಕೊಡುವ ಮಗ್ಗವನ್ನು ಯಾರೂ ಕಟ್ಟುವುದಿಲ್ಲ. ಎರಡನೆಯದಾಗಿ, ಚಿತ್ರವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವನ್ನೂ ನಯವಾದ ಮತ್ತು ಒರಟಾದ ಅಲೆಗಳ ಮೊತ್ತವಾಗಿ ಬರೆದು, ಕಣ್ಣು ಗಮನಿಸದ ನವಿರು ಅಲೆಗಳನ್ನು ಕೈಬಿಡಲಾಗುತ್ತದೆ. ಈ ಗಣಿತವಿಧಾನವನ್ನು ರೂಪಿಸಿದ ಮುಖ್ಯರಲ್ಲಿ ಒಬ್ಬರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಜಿನಿಯರಿಂಗ್ ಓದಿದ ನಾಸಿರ್ ಅಹಮದ್ ಎಂಬುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅವರು ಈ ವಿಧಾನವನ್ನು ಪ್ರಕಟಿಸಿದುದು ೧೯೭೪ರಲ್ಲಿ.

ಹೀಗೆ ಕಟ್ಟಿದ ಗಂಟನ್ನು ಬಿಚ್ಚುವವನು ನಮ್ಮ ಉಪಕರಣ. ಕಟ್ಟುವ ಬಗೆಗಳು ಕಾಲಕಾಲಕ್ಕೆ ಹೊಸತಾಗುತ್ತ ಬಂದಿವೆ. ೨೦೦೩, ೨೦೧೩, ೨೦೧೮ರಲ್ಲಿ ಒಂದೊಂದು ಹೊಸ ಬಗೆ ಬಳಕೆಗೆ ಬಂದಿತು. ಹೊಸ ಬಗೆಯ ಗಂಟನ್ನು ಬಿಚ್ಚುವ ಪ್ರತ್ಯೇಕ ಮಂಡಲವಿಲ್ಲದ ಹಳೆಯ ಉಪಕರಣವು ತನ್ನ ಮುಖ್ಯ ಸಂಸ್ಕಾರಕವನ್ನೇ ಆ ದುಡಿಮೆಗೆ ಹಚ್ಚುತ್ತದೆ. ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ, ಚಿತ್ರ ತಡೆತಡೆದು ಬರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬಹಳ ಹಳೆಯ ಲ್ಯಾಪ್‌ಟಾಪನ್ನು ಕೊಳ್ಳುವವರು ಅಂಗಡಿಯಲ್ಲಿಯೇ ಒಂದು ವಿಡಿಯೊವನ್ನು ಹತ್ತು ನಿಮಿಷ ಓಡಿಸಿ, ಅದರ ಬೆನ್ನನ್ನು ಮುಟ್ಟಿ ನೋಡುವುದು ಒಳ್ಳೆಯದು.

ಡೇಟಾದ ಲೆಕ್ಕ

೪೮೦ ಸಾಲುಗಳ ವಿಡಿಯೊ ಗಂಟೆಗೆ ಸುಮಾರು ಅರ್ಧ ಗಿಗಾಬೈಟನ್ನೂ, ೭೨೦ ಸಾಲುಗಳದು ೧.೧ ಗಿಗಾಬೈಟನ್ನೂ, ೧೦೮೦ ಸಾಲುಗಳದು ೨.೨ ಗಿಗಾಬೈಟನ್ನೂ ತಿನ್ನುತ್ತದೆ. ದಿನಕ್ಕೆ ಒಂದೂವರೆ ಗಿಗಾಬೈಟಿನ ಮೊಬೈಲ್ ಯೋಜನೆಯಿರುವ ಮನೆಯಲ್ಲಿ ಮೊದಲನೆಯದು ಮೂರು ಗಂಟೆ ಬರುತ್ತದೆ. ಎರಡನೆಯದು ಒಂದು ಗಂಟೆ ಇಪ್ಪತ್ತು ನಿಮಿಷ. ಮೂರನೆಯದು ನಲವತ್ತು ನಿಮಿಷಕ್ಕೇ ಮುಗಿಯುತ್ತದೆ.

ಹೆಚ್ಚು ತೆತ್ತುದಕ್ಕೆ ಹೆಚ್ಚು ಕಾಣುತ್ತದೆಯೆ? ಹಿಂದೆ ಹೇಳಿದ ಒಂದು ಕಲೆಯ ನಿಯಮವನ್ನು ಇಲ್ಲಿ ಅನ್ವಯಿಸೋಣ. ೩೦ ಸೆಂಟಿಮೀಟರ್ ದೂರದ ಫೋನಿನಲ್ಲಿ ಕಣ್ಣು ಅಡ್ಡಸಾಲಿನಲ್ಲಿ ಗುರುತಿಸಬಲ್ಲುದು ಸುಮಾರು ೧,೪೦೦ ಬಿಂದುಗಳನ್ನು. ೭೨೦ ಸಾಲುಗಳ ಚಿತ್ರದಲ್ಲಿಯೇ ಅಡ್ಡಕ್ಕೆ ೧,೨೮೦ ಬಿಂದುಗಳಿವೆ. ೩ ಮೀಟರ್ ದೂರದ ೩೨ ಇಂಚಿನ ಟಿ.ವಿ.ಯಲ್ಲಿ ಕಣ್ಣಿಗೆ ದಕ್ಕುವುದು ಬರಿಯ ೮೦೦ ಬಿಂದುಗಳು; ೪೮೦ ಸಾಲುಗಳ ಚಿತ್ರದಲ್ಲಿ ಅಷ್ಟಿವೆ. ಎಂದ ಮೇಲೆ ಇಂತಹ ಮನೆಗೆ ೭೨೦ ಸಾಲುಗಳು ಧಾರಾಳವಾಗಿ ಸಾಕು. ಆದರೆ ದೊಡ್ಡ ಪರದೆಯ ಯಂತ್ರಗಳು, ಹೇಳದಿದ್ದರೆ, ಸಂಪರ್ಕ ತಡೆಯುವಷ್ಟು ಹೆಚ್ಚಿನ ಗುಣಮಟ್ಟವನ್ನು ತಾವಾಗಿಯೇ ಎಳೆದುಕೊಳ್ಳುವುದುಂಟು. ಆಯ್ಕೆಯ ಪಟ್ಟಿಯನ್ನು ತೆರೆದು ಸಾಲುಗಳ ಸಂಖ್ಯೆಯನ್ನು ಕೈಯಿಂದ ಕಟ್ಟಿಹಾಕಿದರೆ ಡೇಟಾದ ಅರ್ಧ ಪಾಲು ಉಳಿಯುತ್ತದೆ.

ಗುಡ್ಡ, ಗೋಡೆ, ವಿದ್ಯುತ್ತು

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಕಪ್ಪತಗುಡ್ಡವು ಹಬ್ಬಿ ನಿಂತಿದೆ. ರೇಡಿಯೊ ಅಲೆಗಳೂ ಬೆಳಕಿನಂತೆಯೇ ನೆರಳನ್ನು ಮಾಡುತ್ತವೆ. ಗೋಪುರಕ್ಕೂ ಮನೆಗೂ ನಡುವೆ ಗುಡ್ಡ ಬಂದರೆ ಸಂಕೇತ ಕ್ಷೀಣಿಸುತ್ತದೆ. ಆದರೆ ಎಲ್ಲ ಅಲೆಗಳ ನೆರಳೂ ಒಂದೇ ಸಮನಲ್ಲ. ೮೫೦ ಮೆಗಾಹರ್ಟ್ಸ್‌ನ ಅಲೆಯ ಉದ್ದ ೩೫ ಸೆಂಟಿಮೀಟರ್. ಅದು ಅಡ್ಡಿಯ ಅಂಚನ್ನು ಬಳಸಿ ಅಷ್ಟಿಷ್ಟು ಒಳಗೆ ಬಾಗುತ್ತದೆ. ೨,೩೦೦ ಮೆಗಾಹರ್ಟ್ಸ್‌ನ ಅಲೆಯ ಉದ್ದ ೧೩ ಸೆಂಟಿಮೀಟರ್. ಅದು ಬಾಗುವುದು ಕಡಿಮೆ, ಗೋಡೆಗಳಲ್ಲಿ ಸೋರಿಹೋಗುವುದು ಹೆಚ್ಚು. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ದಪ್ಪ ಗೋಡೆಗಳು ಬೇಸಿಗೆಯ ಕಾವನ್ನು ತಡೆಯುವಂತೆ ಈ ಅಲೆಗಳನ್ನೂ ತಡೆಯುತ್ತವೆ. ಡೋಣಿಯಂತಹ ಗುಡ್ಡದ ಮಗ್ಗುಲ ಊರಿನಲ್ಲಿ ಮನೆಯ ಒಳಗೆ ಓಡದ ವಿಡಿಯೊ ಮಾಳಿಗೆಯ ಮೇಲೆ ಓಡಬಹುದು. ಕೈಯಲ್ಲಿ ಒಯ್ಯುವ ಉಪಕರಣವು ಸಂಕೇತ ಇರುವಲ್ಲಿಗೆ ತಾನೇ ಹೋಗುತ್ತದೆ, ಗೋಡೆಯ ಟಿ.ವಿ. ಹೋಗಲಾರದು. ಅದಕ್ಕಾಗಿ ಫೋನನ್ನು ಕಿಟಕಿಯಲ್ಲಿಟ್ಟು ಅದರ ಸಂಪರ್ಕವನ್ನು ಟಿ.ವಿ.ಗೆ ಹಂಚಬೇಕಾಗುತ್ತದೆ.

ಶಿರಹಟ್ಟಿಯ ರೈತನೊಬ್ಬ ಎಲೆ ಮುದುಡಿದ ಮೆಣಸಿನಗಿಡದ ಮುಂದೆ ಕುಳಿತು, ರೋಗದ ವಿಡಿಯೊವನ್ನೂ ಕೈಯಲ್ಲಿರುವ ಎಲೆಯನ್ನೂ ಹೋಲಿಸಿ ನೋಡಬೇಕಾದರೆ ಫೋನೊಂದೇ ಗತಿ. ಲಕ್ಷ್ಮೇಶ್ವರದಿಂದ ಗದುಗಿಗೆ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗೂ ಅಷ್ಟೆ. ಆದರೆ ಬಸ್ಸಿನ ಕುಲುಕಾಟದಲ್ಲಿ ಅಕ್ಷರ ಓದುವುದು ಕಣ್ಣಿಗೆ ದಂಡನೆ. ಒಂದು ಗೋಪುರದ ವ್ಯಾಪ್ತಿಯಿಂದ ಇನ್ನೊಂದರ ವ್ಯಾಪ್ತಿಗೆ ಸಾಗುವಾಗ ವಿಡಿಯೊ ಕಡಿದುಹೋಗುವುದೂ ಉಂಟು. ಮನೆಯಲ್ಲಿಯೇ ಇಳಿಸಿಟ್ಟುಕೊಂಡು, ದಾರಿಯಲ್ಲಿ ಕೇಳುವುದಕ್ಕಷ್ಟೇ ಬಳಸುವುದು ಜಾಣತನ.

ವಿದ್ಯುತ್ತಿನ ಖರ್ಚು ನಾವು ಅಂಜುವಷ್ಟಿಲ್ಲ. ೪೦ ವಾಟಿನ ಟಿ.ವಿ. ಒಂದು ಯೂನಿಟ್ಟಿನಲ್ಲಿ ೨೫ ಗಂಟೆ ನಡೆಯುತ್ತದೆ. ಫೋನಿನ ೫,೦೦೦ ಮಿಲಿಆಂಪಿಯರ್‌ಗಂಟೆಯ ಬ್ಯಾಟರಿಯಲ್ಲಿ ಅಡಗಿರುವುದು ಸುಮಾರು ೧೯ ವಾಟ್‌ಗಂಟೆ ಮಾತ್ರ. ಆದರೆ ಕರೆಂಟು ಹೋದಾಗ ಟಿ.ವಿ. ಆ ಕ್ಷಣವೇ ಕುರುಡಾಗುತ್ತದೆ. ಬ್ಯಾಟರಿಯಿರುವ ಉಪಕರಣವು ಪಾಠವನ್ನು ಮುಗಿಸಿಯೇ ಮಲಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಈ ಭೇದ ಸಣ್ಣದಲ್ಲ.

ಡಗ್ಗಾ ಎಲ್ಲಿ ಹೋಯಿತು?

ಇನ್ನು ತಮ್ಮನ ತಬಲಾ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ನಾದವನ್ನು ಬಿತ್ತಿದ ಗದುಗಿನಲ್ಲಿ ಕಿವಿಯನ್ನು ಮರೆತು ಉಪಕರಣವನ್ನು ಆರಿಸುವುದು ತಕ್ಕುದಲ್ಲ. ಬಲಗೈ ತಬಲಾದ ನಾದ ಫೋನಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಎಡಗೈ ಡಗ್ಗಾದ ತಳನಾದವು ೧೦೦ ಹರ್ಟ್ಸ್‌ನ ಆಸುಪಾಸಿನದು. ಅದರ ಅಲೆಯ ಉದ್ದ ಮೂರು ಮೀಟರಿಗಿಂತ ಹೆಚ್ಚು. ಇಂತಹ ತಗ್ಗಿನ ನಾದಕ್ಕೆ ಬಹಳ ಗಾಳಿಯನ್ನು ನೂಕಬೇಕು. ಫೋನಿನೊಳಗಿನ ಉಗುರಗಲದ ಪೊರೆ ಅದನ್ನು ನೂಕಲಾರದು. ಮೇಲಿನ ಉಪನಾದಗಳಿಂದ ಮೂಲನಾದವನ್ನು ನಮ್ಮ ಮಿದುಳು ಊಹಿಸಿಕೊಳ್ಳುವುದರಿಂದ ಡಗ್ಗಾ ಕೇಳಿದಂತೆ ಭಾಸವಾಗುತ್ತದೆ. ಆದರೆ ಅಂಗೈಯ ಒತ್ತಿನಿಂದ ಅದರಲ್ಲಿ ಹುಟ್ಟುವ ಮೀಂಡು, ಕಲಿಯುವವನಿಗೆ ಬೇಕಾದ ಅದೇ ಅಂಶ, ಮಸುಕಾಗುತ್ತದೆ. ಇದಕ್ಕೆ ಹೊಸ ಫೋನು ಮದ್ದಲ್ಲ. ಕಿವಿಗೆ ಒತ್ತಿ ಕೂರುವ ಇಯರ್‌ಫೋನು ಕಿವಿಯ ನಾಳದ ಚಿಟಿಕೆಯಷ್ಟು ಗಾಳಿಯನ್ನು ಅಲುಗಿಸಿದರೆ ಸಾಕು. ಡಗ್ಗಾ ಪೂರ್ತಿಯಾಗಿ ಮರಳುತ್ತದೆ. ಮಗ್ಗದ ಸದ್ದನ್ನೂ ಅದು ಅಷ್ಟಿಷ್ಟು ತಡೆಯುತ್ತದೆ. ತಂತಿಯಿಲ್ಲದ ಇಯರ್‌ಫೋನುಗಳಲ್ಲಿ ನಾದವು ಕ್ಷಣದ ಒಂದು ಪಾಲು ತಡವಾಗಿ ಬರುವುದರಿಂದ ತಾಳ ಕಲಿಯುವವನಿಗೆ ತಂತಿಯದೇ ಲೇಸು.

ಎರಡು ಹಳೆಯ ಪಾಠಗಳು

ಪರದೆಯ ಆಯ್ಕೆಯನ್ನು ಮನೆಯವರೇ ಮಾಡಬೇಕೆಂಬ ನಿಯಮವೂ ಇಲ್ಲ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಕಾಲ ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಉಪಗ್ರಹದ ಮೂಲಕ ಬೋಧಕ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ಕರ್ನಾಟಕವೂ ಅವುಗಳಲ್ಲಿ ಒಂದು. ರಾಯಚೂರು ಜಿಲ್ಲೆಯೂ ಅದರಲ್ಲಿ ಸೇರಿತ್ತು. ಮುಂಡರಗಿಯ ನೆರೆಯ ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿತ್ತು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಮೂರು ಮೀಟರಿನ ಬುಟ್ಟಿಯೊಂದು, ಟಿ.ವಿ.ಯೊಂದು, ಅದರ ಮುಂದೆ ನೆಲದ ಮೇಲೆ ಕುಳಿತ ಊರ ಜನ. ೨೦೨೦ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಕರ್ನಾಟಕದ ಶಿಕ್ಷಣ ಇಲಾಖೆಯು ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳನ್ನು ಆರಂಭಿಸಿತು. ಕಾರಣ ಸ್ಪಷ್ಟ. ಅಂತರಜಾಲದ ವಿಡಿಯೊ ಪ್ರತಿಯೊಂದು ಉಪಕರಣಕ್ಕೂ ಬೇರೆಬೇರೆಯಾಗಿ ಹರಿಯಬೇಕು. ನೋಡುವವರು ಹೆಚ್ಚಿದಂತೆ ಹೊರೆಯೂ ಹೆಚ್ಚುತ್ತದೆ. ಪ್ರಸಾರದ ಅಲೆಯು ಮಳೆಯಂತೆ. ಒಂದು ಬೊಗಸೆಗೆ ಸುರಿದರೂ ಸಾವಿರ ಬೊಗಸೆಗೆ ಸುರಿದರೂ ಮೋಡಕ್ಕೆ ಭೇದವಿಲ್ಲ. ಆದರೆ ಮಳೆಯನ್ನು ನಿಲ್ಲಿಸಿ ಮತ್ತೆ ಸುರಿಸೆಂದು ಕೇಳಲಾಗದು. ತಿಳಿಯದ ಲೆಕ್ಕವನ್ನು ಮೂರು ಸಲ ನೋಡಬೇಕಾದ ಹುಡುಗಿಗೆ ಅಂತರಜಾಲವೇ ಬೇಕು.

ಬೆಟಗೇರಿಯ ಮನೆಗೆ ಮರಳಿದಾಗ

ಈಗ ನಮ್ಮ ಕುಟುಂಬದ ತೀರ್ಮಾನಕ್ಕೆ ಬರೋಣ. ತಮ್ಮನಿಗೆ ಬೇಕಾದುದು ಪರದೆಯಲ್ಲ, ನಾದ. ಅದು ಒಂದು ಇಯರ್‌ಫೋನಿನ ಬೆಲೆಗೆ ಸಿಕ್ಕಿತು. ಉಳಿದುದು ಅಕ್ಕ ಮತ್ತು ಅಜ್ಜಿಯ ವಾದ. ಮನೆಮಂದಿಯೆಲ್ಲ ಕೂಡಿ ನೋಡುವುದೇ ಮುಖ್ಯವಾಗಿದ್ದರೆ ಟಿ.ವಿ.ಗೆ ಸಮನಾದುದು ಇನ್ನೊಂದಿಲ್ಲ. ಆದರೆ ಈ ಮನೆಯ ಮುಂದಿರುವುದು ಒಂದು ಪರೀಕ್ಷೆ. ಅದರ ಪಾಠಕ್ಕೆ ಒತ್ತಕ್ಷರ ಕಾಣುವ ಪರದೆ, ಬರೆಯಲು ಬಿಡುವಾದ ಕೈ, ಕರೆಂಟು ಹೋದರೂ ಕೈಬಿಡದ ಬ್ಯಾಟರಿ, ಸಂಕೇತ ಇರುವ ಕಿಟಕಿಗೆ ಹೋಗಬಲ್ಲ ಹಗುರ ಮೈ, ಇವು ನಾಲ್ಕೂ ಬೇಕು. ಲ್ಯಾಪ್‌ಟಾಪಿನಲ್ಲಿಯೂ ಇವು ಬಹುಮಟ್ಟಿಗೆ ಉಂಟು, ಬೆಲೆ ಮಾತ್ರ ಹೆಚ್ಚು. ಆದುದರಿಂದ ಹತ್ತು ಇಂಚಿನ ಟ್ಯಾಬ್ಲೆಟ್ಟೂ ಅದನ್ನು ನಿಲ್ಲಿಸಲು ಒಂದು ಆಸರೆಯೂ ಈ ಮನೆಗೆ ಒಪ್ಪುತ್ತವೆ.

ಅಜ್ಜಿಗೆ ಅನ್ಯಾಯವಾಯಿತೆ? ಪ್ರವಚನವು ಕಣ್ಣಿಗಿಂತ ಕಿವಿಗೆ ಸೇರಿದ್ದು. ಸಂಜೆ ಮಗ್ಗ ನಿಂತ ಮೇಲೆ ಮಗನ ಫೋನಿಗೆ ಒಂದು ಸಣ್ಣ ಧ್ವನಿವರ್ಧಕವನ್ನು ಜೋಡಿಸಿ ಹಾಸಿಗೆಯ ಬಳಿ ಇಟ್ಟರೆ ಅವಳಿಗೆ ಮಬ್ಬು ಪರದೆಯ ಹಂಗೇ ಇರದು. ಮೊಮ್ಮಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಪುಸ್ತಕದಿಂದ ತಲೆಯೆತ್ತಿ ದೂರ ನೋಡಬೇಕೆಂದು ವೈದ್ಯರು ಹೇಳಿದ್ದಾರಷ್ಟೆ. ಪಡಸಾಲೆಯ ಆಚೆಯ ತುದಿಯಲ್ಲಿ ಅಜ್ಜಿ ಕುಳಿತಿರುವುದು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ.